ಮೂಸಿದರೂ ಕೂಗದ ಡಬ್ಬಿ

ಹದಿನಾಲ್ಕನೇ ತಾರೀಕು ಬೆಳಿಗ್ಗೆ 10:20ಕ್ಕೆ ಲೇತ್ ಕೆಲಸದವನೊಬ್ಬ ಠಾಣೆಗೆ ಬಂದು ಒಡಹುಟ್ಟಿದ ತಮ್ಮನ ಮೇಲೆಯೇ ದೂರು ಕೊಟ್ಟ. ತಾಯಿಗೆ ವಾಸನೆ ತಿಳಿಯುತ್ತಿರಲಿಲ್ಲ. ಅವಳಿಗೆಂದು ತಮ್ಮನೇ ಗ್ಯಾಸ್ ಸೆನ್ಸರ್ ಕೂರಿಸಿ ಅಲಾರಂ ಡಬ್ಬಿಯೊಂದನ್ನು ಮಾಡಿಕೊಟ್ಟಿದ್ದ. ಹಿಂದಿನ ದಿನ ಗ್ಯಾಸ್ ಸೋರಿದರೂ ಅದು ಕೂಗಲಿಲ್ಲ. ಡಬ್ಬಿಯನ್ನು ನಂಬಿ ಕಡ್ಡಿ ಗೀರಿದ ತಾಯಿ ಈಗ ಸುಟ್ಟಗಾಯಗಳ ವಾರ್ಡಿನಲ್ಲಿದ್ದಳು.

"ಆಟದ ಸಾಮಾನು ಕಟ್ಟಿ ಅಮ್ಮನ್ನ ಸುಟ್ಟ ಸಾರ್. ಒಳಗೆ ಹಾಕಿ ಅವನನ್ನ."

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರಿಗೆ ಮಾತ್ರ ಈ ಆಸಾಮಿ ಮೊದಲ ನೋಟಕ್ಕೇ ಹಿಡಿಸಲಿಲ್ಲ. ತಾಯಿ ಹೇಗಿದ್ದಾಳೆ ಎಂದು ಕೇಳಿದರೆ ತಮ್ಮನ ಪುರಾಣ ಬಿಚ್ಚುತ್ತಿದ್ದ.

11:40ಕ್ಕೆ ಪಂಚನಾಮೆ. ಎರಡನೇ ಮಹಡಿಯ ಅಡುಗೆಮನೆಯ ಚಾವಣಿ ಕಪ್ಪಾಗಿತ್ತು. ಒಲೆಯ ಒಂದು ನಾಬ್ ಪೂರ್ತಿ ತೆರೆದಿತ್ತು. ಸಿಲಿಂಡರ್ ಪಕ್ಕ, ನೆಲದಿಂದ ಗೇಣೆತ್ತರದಲ್ಲಿ, ಒಂದು ಬದಿ ಕರಗಿದ ಡಬ್ಬಿ. ರೇಡಿಯೋ ರಿಪೇರಿ ಮಾಡುವ ತಮ್ಮನನ್ನು ಕರೆತಂದಾಗ ಅಣ್ಣ ಮೈಮೇಲೆ ಏರಿಹೋದ. ಹೆಡ್ ಕಾನ್‌ಸ್ಟೆಬಲ್ ನಡುವೆ ನಿಲ್ಲಬೇಕಾಯಿತು.

"ಯಾಕೆ ಕೂಗಲಿಲ್ಲ?" ಇನ್‌ಸ್ಪೆಕ್ಟರ್ ಕೇಳಿದರು.

ಡಬ್ಬಿಯೊಳಗೆ ಇಣುಕಿದ ತಮ್ಮನ ಮುಖ ಬಿಳಿಚಿಕೊಂಡಿತು. "ಎಷ್ಟು ಗ್ಯಾಸಿಗೆ ಕೂಗಬೇಕು ಅಂತ ಈ ಸಣ್ಣ ಸ್ಕ್ರೂನಲ್ಲೇ ಇಡೋದು ಸಾರ್. ಅಲ್ಲಾಡದೆ ಇರ್ಲಿ ಅಂತ ಮೇಲೆ ಕೆಂಪು ಉಗುರುಬಣ್ಣ ಹಚ್ತೀನಿ. ಯಾರೋ ಅದನ್ನ ಕೆರೆದು, ಸ್ಕ್ರೂನ ಕೊನೇತನಕ ತಿರುಗಿಸಿದಾರೆ."

"ಕಾಗಕ್ಕ ಗುಬ್ಬಕ್ಕನ ಕತೆ!" ಅಣ್ಣ ಕಿರುಚಿದ.

"ಸ್ಕ್ರೂ ತಿರುಗಿಸಿದ್ರೆ ಕೂಗೋದು ನಿಲ್ಲುತ್ತೆ, ಮೂಸೋದು ನಿಲ್ಲಲ್ಲ ಸಾರ್. ಒಳಗೆ ಮೆಮೊರಿ ಕಾರ್ಡ್ ಇದೆ, ನಿಮಿಷ ನಿಮಿಷಕ್ಕೂ ಬರ್ಕೊಂಡಿರುತ್ತೆ."

ಅಣ್ಣ ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿದ. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದರು.

ಪಂಚರ ಎದುರೇ ಕಾರ್ಡ್ ತೆರೆಯಲಾಯಿತು. ಹಿಂದಿನ ಮಧ್ಯಾಹ್ನ 3:41ಕ್ಕೆ ಗ್ಯಾಸ್ ಏರತೊಡಗಿತ್ತು, ಬೆಂಕಿ ಹೊತ್ತಿದ 4:05ಕ್ಕೆ ದಾಖಲೆ ನಿಂತಿತ್ತು. ಆ ಹೊತ್ತು ತಮ್ಮನು ತನ್ನ ರಿಪೇರಿ ಅಂಗಡಿಯಲ್ಲಿದ್ದ ಎಂದು ಇಬ್ಬರು ಗಿರಾಕಿಗಳು ಹೇಳಿದರು. ಅಣ್ಣ ಐದರವರೆಗೆ ಲೇತ್ ಮುಂದೆ ಇದ್ದೆನೆಂದು ಬರೆದುಕೊಟ್ಟಿದ್ದ. ವರ್ಕ್‌ಶಾಪಿನ ಹಾಜರಿ ಪುಸ್ತಕದ ಪ್ರಕಾರ 3:10ಕ್ಕೇ ಹೊರಬಿದ್ದಿದ್ದ. ಅವನ ಚೀಲದಲ್ಲಿದ್ದ ಟೆಸ್ಟರ್ ಸ್ಕ್ರೂಡ್ರೈವರಿನ ತುದಿಗೆ ಕೆಂಪು ಉಗುರುಬಣ್ಣದ ಚೂರು ಅಂಟಿತ್ತು.

ಸಂಜೆ 5:30ಕ್ಕೆ ವಿಚಾರಣೆ.

"ಹಾಜರಿ ಪುಸ್ತಕದಲ್ಲಿ 3:10ರ ಮುಂದಿರೋದು ನಿನ್ನ ಸಹಿ ತಾನೆ? ಬೊಗಳು."

"ನಾಬ್ ತೆರೆದಿದ್ದು ನಾನೇ, ಸುಡ್ಲಿ ಅಂತ ಮಾಡಿಲ್ಲ ಸಾರ್. ಅಮ್ಮ ಪಕ್ಕದ ಮನೇಲಿದ್ಲು. ಬಂದ ತಕ್ಷಣ ಮುಂಬಾಗಿಲಲ್ಲೇ ತಡೆದು, ನೋಡು ನಿನ್ನ ಮಗನ ಡಬ್ಬಿ ಕೂಗ್ಲೇ ಇಲ್ಲ ಅಂತ ತೋರಿಸ್ಬೇಕು ಅಂತಿದ್ದೆ. ಅವಳು ಹಿಂದಿನ ಮೆಟ್ಟಿಲಿಂದ ಬಂದ್ಬಿಟ್ಲು."

"ವಾಸನೆ ತಿಳಿಯಲ್ಲ ಅಂತ ಗೊತ್ತಿದ್ದೂ?"

"ಬಂದೋರಿಗೆಲ್ಲ ಆ ಡಬ್ಬಿ ತೋರಿಸಿ ಕೊಂಡಾಡೋಳು. ಸಿಲಿಂಡರ್ ಹೊತ್ತು ಮಹಡಿ ಹತ್ತಿಸ್ತಿದ್ದೋನು ನಾನು. ಒಂದ್ಸಲನಾದ್ರೂ ಯಾರ ಹತ್ರನಾದ್ರೂ ನನ್ನ ಹೆಸರು ಹೇಳಿದ್ಲಾ?"

ಇನ್‌ಸ್ಪೆಕ್ಟರಿಗೆ ಅಯ್ಯೋ ಅನ್ನಿಸಲಿಲ್ಲ, ಸಿಟ್ಟೇ ಬಂತು. ಮಧ್ಯಾಹ್ನ ವಾರ್ಡಿನಲ್ಲಿ ತಾಯಿ ಕೊಟ್ಟ ಹೇಳಿಕೆಯನ್ನು ಫೈಲಿನಿಂದ ತೆಗೆದು ಗಟ್ಟಿಯಾಗಿ ಓದಿದರು: "ನಾಬ್ ಮುಚ್ಚೋದು ನಾನೇ ಮರೆತೆ. ನನ್ನ ಇಬ್ಬರು ಮಕ್ಕಳದೂ ಏನೂ ತಪ್ಪಿಲ್ಲ. ದೊಡ್ಡವನು ಊಟ ಮಾಡಿಲ್ಲ, ಯಾರಾದ್ರೂ ನೋಡಿ."

ಅವನು ಮೇಜಿಗೆ ಹಣೆ ಹಚ್ಚಿ ಅಳತೊಡಗಿದ. ಬಂಧನದ ಸಮಯ 6:10 ಎಂದು ಹೆಡ್ ಕಾನ್‌ಸ್ಟೆಬಲ್ ಬರೆದುಕೊಂಡ.