ಕಿತ್ತಳೆ ರೈಲಿನ ಇನ್ನೊಂದು ಸುತ್ತು

"ಏಯ್! ಇಳೀರಿ ಕೆಳಗೆ! ಆ ಟೋಪಿ ಮುಟ್ಟಿದ್ರೆ ನೋಡಿ ಮತ್ತೆ!"

ಬೇಕರಿಯಿಂದ ಓಡಿಬಂದ ಕಿರ್ಸ್ಟಿಯ ಕೆನ್ನೆಯ ಮೇಲೆ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. ಕಣ್ಣಲ್ಲಿ ಮಾತ್ರ ಕೆಂಡ!

ಗ್ಲಾಸ್ಗೋ ಪೇಟೆಯ ನಡುವೆ ಕುದುರೆಯೇರಿ ಕುಳಿತ ಡ್ಯೂಕನ ಪ್ರತಿಮೆ. ಅವನ ತಲೆಯ ಮೇಲೆ, ಎಂದಿನಂತೆ, ರಸ್ತೆ ರಿಪೇರಿಗೆ ಇಡುವ ಕೆಂಪು ಕೋನು. ಅದನ್ನು ಕೀಳಲೆಂದು ಎತ್ತರದ ಯುವಕನೊಬ್ಬ ಕುದುರೆಯ ಕಾಲನ್ನು ತಬ್ಬಿಕೊಂಡು ನೇತಾಡುತ್ತಿದ್ದ.

"ಯಾರೋ ಕುಡುಕರು ಇಟ್ಟಿದ್ದಾರೆ ಕಣ್ರೀ! ನಾನು ನಮ್ಮೂರಲ್ಲಿ ರಸ್ತೆ ಕೆಲಸದವನು. ಇದಿಲ್ಲದೆ ಎಲ್ಲೋ ಒಂದು ಗುಂಡಿಗೆ ಯಾರಾದ್ರೂ ಬಿದ್ರೆ?"

"ಗುಂಡಿಗೆ ಬೇರೆ ಇಟ್ಕೊಳ್ತಾರೆ. ಇದು ಡ್ಯೂಕನದು! ನಾವು ಅವನನ್ನ ಬರಿತಲೆಯಲ್ಲಿ ಬಿಡೋರಲ್ಲ!"

ಅಷ್ಟರಲ್ಲಿ ಜನ ಸೇರಿದ್ದರು. ಮುದುಕಿಯೊಬ್ಬಳು ನಿಟ್ಟುಸಿರಿಟ್ಟಳು. "ಪಾಪ, ನಮ್ಮ ರೀತಿ ಗೊತ್ತಿಲ್ಲ, ಎಡಿನ್‌ಬರಾದವನಿರಬೇಕು."

"ಉತ್ತರದ ಆರ್ಕ್ನಿ ದ್ವೀಪದವನು!" ಮೇಲಿಂದಲೇ ಕೂಗಿದ ಅವನು.

ಜನ ಘೊಳ್ಳೆಂದು ನಕ್ಕರು. ಅವನ ಮುಖ ಆ ಕೋನಿಗಿಂತ ಕೆಂಪಾಯಿತು. ಕೆಳಗಿಳಿಯುವಾಗ ಜಾರಿ, ಸೀದಾ ಅವಳ ಕಾಲ ಬುಡದಲ್ಲೇ ಬಿದ್ದ.

"ಮ್ಯಾಗ್ನಸ್," ಎಂದು ಕುಳಿತಲ್ಲಿಂದಲೇ ಕೈ ಚಾಚಿದ. "ಮೊದಲ ಸಲ ಬಂದಿದ್ದೀನಿ, ಎರಡೇ ದಿನಕ್ಕೆ. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ವಾಪಸ್ ಬಸ್ಸು. ಅಷ್ಟರಲ್ಲಿ ಈ ಊರಲ್ಲಿ ಏನೇನು ನೋಡಬಹುದು?"

ಅವನ ಕಣ್ಣು ಸಮುದ್ರದ ಬಣ್ಣದ್ದು... ಕಿರ್ಸ್ಟಿಯ ಕೋಪ ಎಲ್ಲಿ ಹೋಯಿತೋ!

"ನಮ್ಮ ಚಿಕ್ಕಮ್ಮನ ಲಾಡ್ಜಿನಲ್ಲಿ ರೂಮು ಖಾಲಿ ಇದೆ," ಎಂದಳು. "ಊರು ನಾನು ತೋರಿಸ್ತೀನಿ. ಏನನ್ನೂ ಕೀಳಲ್ಲ ಅಂತ ಮಾತು ಕೊಟ್ರೆ."

ಮೊದಲು ಅವನನ್ನು ಹತ್ತಿಸಿದ್ದು ನೆಲದಡಿಯ ಪುಟ್ಟ ಕಿತ್ತಳೆ ರೈಲಿಗೆ.

"ಇದು ಊರಿನಡಿ ಬಳೆ ಥರ ಸುತ್ತುತ್ತೆ. ದಾರಿ ತಪ್ಪಿದ್ರೆ ಗಾಬರಿಯಾಗಿ ಇಳಿದು ಓಡಾಡಬೇಡಿ. ಕೂತೇ ಇರಿ. ಹತ್ತಿದ ಜಾಗಕ್ಕೇ ತಂದು ಬಿಡುತ್ತೆ. ಅಮ್ಮಂದಿರು ಮಕ್ಕಳಿಗೆ ಹೇಳಿಕೊಡೋ ಮೊದಲ ಪಾಠ ಇದು."

"ಸರಿ ಅಮ್ಮಾ," ಎಂದ ಅವನು ವಿಧೇಯನಾಗಿ. ಅವಳು ಅವನ ತೋಳಿಗೊಂದು ಗುದ್ದಿದಳು.

ಮ್ಯೂಸಿಯಮ್ಮಿನಲ್ಲಿ ಹುಲ್ಲು ತುಂಬಿದ ಆನೆಗೆ ಅವನು ತಲೆಬಾಗಿ ನಮಸ್ಕರಿಸಿದ. ಗುಡ್ಡದ ಮೇಲಿನ ಹಳೆಯ ಸ್ಮಶಾನದಲ್ಲಿ ಗಾಳಿಗೆ ಅವಳ ಕೊಡೆ ತಿರುವುಮುರುವಾದಾಗ, "ನಮ್ಮೂರಲ್ಲಿ ಇದನ್ನ ತಂಗಾಳಿ ಅಂತೀವಿ," ಎಂದ. ಶನಿವಾರದ ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು. ಯಾವಾಗ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಸಂಜೆ ಚಹಾದ ಹೊತ್ತಿಗೆ ಆಗ್ನಿಸ್ ಚಿಕ್ಕಮ್ಮ ಅಭಿಮಾನದಿಂದ ಉಬ್ಬಿದಳು.

"ನಮ್ಮ ಕೋಳಿಮರಿ ಕಿರ್ಸ್ಟಿ ಬಂದವರಿಗೆಲ್ಲ ಹೀಗೇ ಊರು ಸುತ್ತಿಸ್ತಾಳಪ್ಪ! ಹೋದ ತಿಂಗಳು ಆ ಹಾಲೆಂಡಿನ ಹುಡುಗ ಹೊರಡುವಾಗ ಅತ್ತೇಬಿಟ್ಟ!"

ಮ್ಯಾಗ್ನಸ್‌ನ ಚಹಾದ ಲೋಟ ತುಟಿಯ ಬಳಿಯೇ ನಿಂತಿತು.

ಸೂರ್ಯ ಮುಳುಗುವ ಮುಂಚೆ ಕಿರ್ಸ್ಟಿ ಅವನನ್ನು ಗೋವನ್ ಬಡಾವಣೆಗೆ ಕರೆದೊಯ್ದಳು. ಕ್ಲೈಡ್ ನದಿಯ ದಂಡೆಯಲ್ಲಿ ಬಣ್ಣ ಹೋದ ಒಂದು ಬೆಂಚು. ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದ ಅಪ್ಪ ದಿನದ ಕೆಲಸ ಮುಗಿಸಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಡಗು ತೋರಿಸುತ್ತಿದ್ದ ಜಾಗ. ಅಪ್ಪ ತೀರಿಕೊಂಡ ಮೇಲೆ ಅವಳು ಅಲ್ಲಿಗೆ ಒಬ್ಬಳೇ ಬರುತ್ತಿದ್ದಳು.

ಯಾಕೆ ಕರೆತಂದೆ ಇವನನ್ನ? ಅವಳು ತನ್ನನ್ನೇ ಕೇಳಿಕೊಂಡಳು.

"ಇದನ್ನೂ ಎಲ್ಲರಿಗೂ ತೋರಿಸ್ತೀಯಾ?" ಮ್ಯಾಗ್ನಸ್ ಮೆಲ್ಲಗೆ ಕೇಳಿದ.

ಇಲ್ಲ... ನಿನಗೊಬ್ಬನಿಗೇ... ಮಾತು ಗಂಟಲವರೆಗೆ ಬಂತು. ನಾಳೆ ಹೊರಟುಹೋಗುವವನು. ಹೇಳಿ ನಗೆಪಾಟಲಾಗುವುದೇ? ಗ್ಲಾಸ್ಗೋದವರಿಗೆ ನಾಚಿಕೆಯಾದರೆ ಬಾಯಿಗೆ ಬರುವುದು ಜೋಕು.

"ಮತ್ತೇನು! ಎರಡು ದಿನಕ್ಕೆ ಬಂದವರಿಗೆ ಇಷ್ಟೇ. ಟಿಪ್ಸ್ ಕೊಟ್ರೆ ಹಡಗೂ ತರಿಸ್ತೀನಿ!"

ಅವನು ನಗಲಿಲ್ಲ.

ಭಾನುವಾರ ಬೆಳಗ್ಗೆ ಅವಳು ಬಿಸಿ ಬಿಸಿ ಆಲೂಗಡ್ಡೆ ರೊಟ್ಟಿ ಹಿಡಿದು ಬಂದರೆ, ಮ್ಯಾಗ್ನಸ್‌ನ ರೂಮು ಖಾಲಿ!

"ಸಾಸೇಜು ಕೂಡ ಮುಟ್ಟದೆ ಬಸ್ಸಿಗೆ ಹೋದ ಕಣೇ," ಚಿಕ್ಕಮ್ಮ ಕಣ್ಣರಳಿಸಿದಳು. "ಚೌಕ ಸಾಸೇಜು! ನೀನೇನೋ ಅಂದಿರಬೇಕು. ನೋಡು, ಫೋನು ಬೇರೆ ಮೇಜಿನ ಮೇಲೇ ಮರೆತಿದ್ದಾನೆ."

ಕಿರ್ಸ್ಟಿ ಫೋನು ಕಸಿದುಕೊಂಡು ಓಡಿದಳು. ಬಸ್ ಹೊರಡುವ ಮುಂಚೆ ಹೇಳಲೇಬೇಕು... ಆ ಬೆಂಚಿನ ಬಗ್ಗೆಯಾದರೂ!

ರೈಲು ಹತ್ತಿ ಒಂದೆರಡು ಸ್ಟೇಷನ್ ದಾಟಿದ್ದಳು. ಪ್ಲಾಟ್‌ಫಾರಂನ ಆಚೆ ಬದಿಯಲ್ಲಿ ಎದುರು ದಿಕ್ಕಿನ ರೈಲು ನಿಂತಿತು. ಅದರ ಕಿಟಕಿಯಲ್ಲಿ... ಮ್ಯಾಗ್ನಸ್! ವಾಪಸ್ ಬರುತ್ತಿದ್ದಾನೆ!

ಇಬ್ಬರೂ ಒಟ್ಟಿಗೇ ಎದ್ದರು. ಇಬ್ಬರ ಬಾಗಿಲೂ ಒಟ್ಟಿಗೇ ಮುಚ್ಚಿದವು.

ಅವಳು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹಿಂದಕ್ಕೆ ಹೋಗುವ ರೈಲು ಹತ್ತಿದಳು. ಅವನೂ ಅದನ್ನೇ ಮಾಡಿದ್ದ! ಮತ್ತೆ ಎದುರುಬದುರು, ಮತ್ತೆ ಗಾಜು. ಪಕ್ಕದಲ್ಲಿದ್ದ ಅಜ್ಜ ತಲೆ ಚಚ್ಚಿಕೊಂಡ. "ಅಯ್ಯೋ ಹುಡುಗಿ, ಒಬ್ಬರಾದ್ರೂ ಸುಮ್ಮನಿರ್ರೇ!"

ಅವಳಿಗೆ ಫಕ್ಕನೆ ಹೊಳೆಯಿತು. ಎರಡೂ ಅಂಗೈಗಳನ್ನು ಕೆಳಗೊತ್ತಿ ಸನ್ನೆ ಮಾಡಿದಳು: ಕೂತ್ಕೋ!

ಅವನ ಹುಬ್ಬು ಮೇಲೇರಿತು. ಅರ್ಥವಾಯಿತೋ ಇಲ್ಲವೋ, ರೈಲು ಅವನನ್ನು ಕತ್ತಲೆಗೆ ಎಳೆದುಕೊಂಡು ಹೋಯಿತು.

ಕಿರ್ಸ್ಟಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ನಿಂತಳು. ಕೂತೇ ಇದ್ದರೆ ಅವನು ಊರಿಡೀ ಸುತ್ತಿ ಇಲ್ಲಿಗೇ ಬರಬೇಕು. ಆದರೆ ನಡುವೆ ಬಸ್ ನಿಲ್ದಾಣದ ಸ್ಟಾಪೂ ಬರುತ್ತದೆ. ಅವನ ಜೇಬಿನಲ್ಲಿ ಟಿಕೆಟ್ಟಿದೆ. ಮನಸ್ಸಿನಲ್ಲಿ ನೋವಿದೆ. ಇಳಿದುಬಿಟ್ಟರೆ?

ಒಂದು ರೈಲು ಬಂತು. ಅವನಿಲ್ಲ.

ಇನ್ನೊಂದು ಬಂತು. ಫುಟ್ಬಾಲ್ ಶಾಲು ಹೊದ್ದವರ ಗುಂಪು, ಹಾಡು, ಗದ್ದಲ. ಅವನಿಲ್ಲ.

ಬಸ್ಸು ಹೊರಡುವ ಹೊತ್ತು ಮೀರಿತು. ಹೋದ... ಹೋಗೇಬಿಟ್ಟ. ಎಲ್ಲ ನನ್ನ ನಾಲಿಗೆಯಿಂದ! ಅವಳ ಕಣ್ಣು ಮಂಜಾಯಿತು.

ಸುರಂಗದಿಂದ ಬೆಚ್ಚನೆಯ ಗಾಳಿ ನುಗ್ಗಿತು. ಮತ್ತೊಂದು ಕಿತ್ತಳೆ ರೈಲು. ಬಾಗಿಲು ತೆರೆಯಿತು.

ಮೂಲೆಯ ಸೀಟಿನಲ್ಲಿ ಬ್ಯಾಗು ತಬ್ಬಿಕೊಂಡು, ಶಾಲೆಯ ಮಗುವಿನಂತೆ ನೆಟ್ಟಗೆ ಕುಳಿತಿದ್ದ... ಮ್ಯಾಗ್ನಸ್!

"ಕೂತೇ ಇದ್ದೀನಿ," ಎಂದ. "ನೀನು ಹೇಳಿದ್ಯಲ್ಲ."

ಅವಳು ಓಡಿಹೋಗಿ ಪಕ್ಕದಲ್ಲಿ ಕುಸಿದಳು. ಅಳುವೂ ನಗುವೂ ಒಟ್ಟಿಗೇ ಬಂದವು.

"ನಿನ್ನೆ ಸುಳ್ಳು ಹೇಳಿದೆ ಕಣೋ. ಆ ಬೆಂಚು ನಮ್ಮಪ್ಪಂದು. ಅಲ್ಲಿಗೆ ಯಾರನ್ನೂ... ಯಾವತ್ತೂ ಕರ್ಕೊಂಡು ಹೋಗಿಲ್ಲ. ನಿನ್ನೊಬ್ಬನನ್ನೇ."

ಅವನು ಬ್ಯಾಗನ್ನು ಕಾಲ ಬಳಿ ಇಳಿಸಿದ.

"ನಾನೂ ಒಂದು ಒಪ್ಪಿಕೊಳ್ಳಬೇಕು," ಎಂದ ಕಿವಿ ಕೆಂಪಗೆ ಮಾಡಿಕೊಂಡು. "ಫೋನು ಮರೆತಿದ್ದಲ್ಲ, ಬೇಕಂತಲೇ ಬಿಟ್ಟಿದ್ದು. ನೀನು ತಂದುಕೊಡೋಕೆ ಓಡಿ ಬರ್ತೀಯ ಅಂತ. ಆಮೇಲೆ, ಬರದೇ ಇದ್ರೆ ಅಂತ ಹೆದರಿಕೆಯಾಗಿ, ನಾನೇ ತಿರುಗಿ ಹೊರಟೆ."

"ಥೂ, ಕಳ್ಳ!" ಅವನ ತೋಳಿಗೆ ಗುದ್ದಿದಳು. ಗುದ್ದಿದ ಕೈಯನ್ನು ಅವನು ಹಿಡಿದುಕೊಂಡ. ಬಿಡಲಿಲ್ಲ.

"ಬಸ್ಸು ಹೋಯ್ತು ಕಿರ್ಸ್ಟಿ. ಎರಡು ದಿನದ ಊರೂ ಮುಗೀತು. ಮೂರನೇ ದಿನಕ್ಕೆ ಏನು ತೋರಿಸ್ತೀಯ?"

"ಗೊತ್ತಿಲ್ಲ..." ಅವಳು ಅವನ ಭುಜಕ್ಕೆ ಒರಗಿದಳು. "ಮೂರನೇ ದಿನಕ್ಕೆ ಇದುವರೆಗೆ ಯಾರೂ ಉಳಿದಿಲ್ಲ."

"ಹಾಗಾದ್ರೆ ನಾನೇ ಮೊದಲನೆಯವನು!"

ಬಾಗಿಲು ಮುಚ್ಚುವ ಸದ್ದಾಯಿತು.

"ಇಳಿಯೋದು ಬೇಡ್ವಾ?" ಅವನು ಪಿಸುಗುಟ್ಟಿದ.

"ಕೂತೇ ಇರು," ಎಂದಳು ಕಿರ್ಸ್ಟಿ. "ಇನ್ನೊಂದು ಸುತ್ತು ಹೋಗೋಣ."