ಫೋನಿನ ಕಡೆಯ ಚಪ್ಪಲಿ

"ಅಯ್ಯೋ, ನನ್ನ ಮುತ್ತಿನ ಸರ! ಸರ ಇಲ್ಲ!"

ಪಕ್ಕದ ಕೋಣೆಯ ಅಜ್ಜಿಯ ಕೂಗು ಕೇಳಿದಾಗ ನಾನು ಲೌಂಜಿನ ಸೋಫಾದಲ್ಲಿ ತೂಕಡಿಸುತ್ತಿದ್ದೆ. ಮೊದಲು ಕನಸು ಅಂದುಕೊಂಡೆ. ಹೋಟೆಲಿನ ಆ ಎಂಟನೇ ಮಹಡಿಯಲ್ಲಿ ಕನಸು ಯಾವುದು, ಎಚ್ಚರ ಯಾವುದು ಅಂತ ಹೇಳುವುದೇ ಕಷ್ಟ. ಮೋಡ ಕಿಟಕಿಗೇ ಒರಗಿಕೊಂಡಿತ್ತು. ನಡೆದರೆ ಹೆಜ್ಜೆಯ ಸದ್ದಿಲ್ಲ, ಅಷ್ಟು ದಪ್ಪ ರತ್ನಗಂಬಳಿ. ನಾಲ್ಕರಿಂದ ಐದರವರೆಗೆ ಪುಕ್ಕಟೆ ಚಹಾ ಬೇರೆ. ಪುಕ್ಕಟೆ ಅನ್ನುವುದು ಅವರ ಮಾತು. ಈ ಮಹಡಿಗೆ ಕೆಳಗಿನದರ ಒಂದೂವರೆ ಪಟ್ಟು ಬಾಡಿಗೆ. ಮದುವೆಯ ವಾರ್ಷಿಕೋತ್ಸವ ಅಂತ ಹೆಂಡತಿ ಹಟ ಹಿಡಿದಿದ್ದಳು. ದಂಡ ಅಂತ ನಾನು ಎರಡು ದಿನದಿಂದ ಗೊಣಗುತ್ತಿದ್ದೆ.

ಹೆಂಡತಿ ಪೊಲೀಸ್ ಇನ್‌ಸ್ಪೆಕ್ಟರ್. ಕೂಗು ಕೇಳಿದ್ದೇ ತಡ, ಅವಳ ರಜೆ ಮುಗಿಯಿತು.

"ಏಳ್ರೀ," ಎಂದಳು.

ಗಂಟೆ ಐದಕ್ಕೆ ಹತ್ತು ನಿಮಿಷ ಇತ್ತು.

*

ಅಜ್ಜಿಯ ಕೋಣೆ ಆಗಲೇ ರಾತ್ರಿಯ ನಿದ್ದೆಗೆ ಸಿದ್ಧವಾಗಿತ್ತು. ಪರದೆ ಎಳೆದಿತ್ತು. ಹೊದಿಕೆಯ ಒಂದು ಮೂಲೆ ಮಡಚಿತ್ತು. ಮಂಚದ ಪಕ್ಕ, ಫೋನಿನ ಕಡೆ, ಬಟ್ಟೆಯ ಚಪ್ಪಲಿ ಜೋಡಿಸಿತ್ತು. ಕುರ್ಚಿಯ ಮೇಲೆ ಗಂಡಸರ ಶಾಲೊಂದು ಬಿದ್ದಿತ್ತು. ಕನ್ನಡಿಯ ಮುಂದಿದ್ದ ಡಬ್ಬಿ ಮಾತ್ರ ಖಾಲಿ.

"ಚಹಾಕ್ಕೆ ಹೋಗುವಾಗ ಇಲ್ಲೇ ಬಿಚ್ಚಿಟ್ಟೆ. ನಮ್ಮ ಯಜಮಾನ್ರು ಕೊಡಿಸಿದ್ದಮ್ಮ. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ," ಎಂದರು ಅಜ್ಜಿ. ಬಾಗಿಲಲ್ಲಿ ನಿಂತಿದ್ದ ಕೋಣೆ ಕೆಲಸದಾಕೆಯತ್ತ ಕೈ ತೋರಿಸಿದರು. "ಹಾಸಿಗೆ ಸರಿ ಮಾಡೋಳು ಇವಳೇ. ಇವಳೇ ತಗೊಂಡಿದ್ದು!"

ಆಕೆಗೆ ನಲವತ್ತರ ವಯಸ್ಸು. ಮುಖ ಬಿಳಿಚಿಕೊಂಡಿತ್ತು. "ಇವತ್ತು ಸಂಜೆ ಈ ಕೋಣೆಗೆ ಕಾಲೇ ಇಟ್ಟಿಲ್ಲ ಮೇಡಂ. ನಮ್ಮ ಸಂಜೆ ಕೆಲಸ ಶುರುವಾಗೋದೇ ಐದಕ್ಕೆ."

"ಹಾಸಿಗೆ ತಾನಾಗೇ ಮಡಚಿಕೊಳ್ತಾ?" ಎಂದ ಅವಳ ಹಿಂದಿನಿಂದ ಮಹಡಿಯ ಮೇಲ್ವಿಚಾರಕ. ಕಪ್ಪು ಕೋಟು, ನಯವಾದ ಮಾತು. ಬಂದ ದಿನವೇ ನಾನು ಅವನಿಗೆ ಬೆಣ್ಣೆರಾಯ ಅಂತ ಹೆಸರಿಟ್ಟಿದ್ದೆ. "ಹನ್ನೊಂದು ವರ್ಷ ನಂಬಿದ್ವಿ ಮೇಡಂ. ಇವತ್ತೇ ಮನೆಗೆ ಕಳಿಸ್ತೀವಿ. ಕಳ್ಳಿ ಅನ್ನಿಸ್ಕೊಂಡ ಮೇಲೆ ಇನ್ಯಾವ ಹೋಟೆಲ್ನೋರೂ ಸೇರಿಸಲ್ಲ."

ಆಕೆ ಗೋಡೆ ಹಿಡಿದುಕೊಂಡಳು.

"ಎಲ್ಲ ಕೋಣೆ ತೆಗೆಯೋ ಕೀಲಿಕೈ ಎಷ್ಟಿದೆ?" ಹೆಂಡತಿ ಕೇಳಿದಳು.

"ಎರಡೇ. ಒಂದು ಇವಳ ಸೊಂಟದಲ್ಲಿ. ಇನ್ನೊಂದು ನನ್ನ ಮೇಜಿನ ಡ್ರಾಯರಲ್ಲಿ. ಅದು ಅಲ್ಲಿಂದ ಅಲುಗಿಲ್ಲ."

*

"ಎದುರು ಕೋಣೆಯ ಆ ಸೂಟ್‌ಕೇಸ್ ವ್ಯಾಪಾರಿನೇ ಕಣೇ ಕದ್ದಿರೋದು," ಎಂದೆ ಹೊರಗೆ ಬಂದು. "ಚಹಾದ ಮಧ್ಯೆ ಎದ್ದು ಮಾಯ ಆಗಿದ್ದ."

"ಲಿಫ್ಟಿನ ಹತ್ರ ನಿಂತು ಫೋನಲ್ಲಿ ಮಗಳ ಜೊತೆ ಜಗಳ ಆಡ್ತಿದ್ದ. ಲಿಫ್ಟಿನವನನ್ನ ಆಗಲೇ ವಿಚಾರಿಸಿದೆ, ಪೂರ್ತಿ ಕೇಳಿಸ್ಕೊಂಡಿದಾನೆ. ಅಲ್ಲದೆ ಬಾಗಿಲು ಮುರಿದಿಲ್ಲ. ಕೀಲಿಕೈ ಅವನಿಗೆಲ್ಲಿಂದ ಬರುತ್ತೆ? ಮತ್ಯಾರು ಎದ್ದಿದ್ರು?"

"ಬೆಣ್ಣೆರಾಯ. ಹಾಲು ತರ್ತೀನಿ ಅಂತ. ಬಂದ ಮೇಲೆ ಇನ್ನೊಂದು ಪುದೀನಾ ಚಹಾ ಕೇಳಿದ್ರೆ ಸೊಪ್ಪು ಖಾಲಿ ಅಂದ. ದುಡ್ಡು ಕೊಟ್ಟೂ ಈ ಗತಿ!"

ಅವಳು ನಕ್ಕಳು. ಯಾಕೆ ಅಂತ ತಿಳಿಯಲಿಲ್ಲ. "ನಿನ್ನೆ ಸಂಜೆ ನಮ್ಮ ಕೋಣೆಲಿ ನಿಮ್ಮ ಚಪ್ಪಲಿ ಎಲ್ಲಿತ್ತು?"

"ಬಾಗಿಲ ಕಡೆ. ನಾನು ಮಲಗೋ ಕಡೆ. ನಿನ್ನದು ಕಿಟಕಿ ಕಡೆ."

"ಯಾರು ಎಲ್ಲಿ ಮಲಗ್ತೀವಿ ಅಂತ ನಾವು ಯಾರಿಗಾದ್ರೂ ಹೇಳಿದ್ವಾ?"

ಹೇಳಿರಲಿಲ್ಲ. ಅವಳು ಹಾಸಿಗೆ ಬಟ್ಟೆಗಳ ಕೋಣೆಗೆ ಹೋದಳು. ಅದರ ಬಾಗಿಲಿಗೆ ಒಂದು ಚಿತ್ರ ಅಂಟಿಸಿತ್ತು. ಸಂಜೆ ಹಾಸಿಗೆ ಹೇಗೆ ಸಿದ್ಧವಾಗಬೇಕು ಅನ್ನುವ ಚಿತ್ರ. ಅದರಲ್ಲಿ ಚಪ್ಪಲಿ ಫೋನಿನ ಕಡೆ ಇತ್ತು. ಕೆಳಗೆ ಬೆಣ್ಣೆರಾಯನ ಸಹಿ.

*

ಎಲ್ಲರೂ ಲೌಂಜಿನಲ್ಲಿ ಸೇರಿದರು. ಮೋಡ ಇನ್ನೂ ದಟ್ಟವಾಗಿತ್ತು. ಮಂದ ಬೆಳಕಿನಲ್ಲಿ ಮುಖಗಳು ಮಸುಕಾಗಿ ಕಾಣುತ್ತಿದ್ದವು.

"ಅಮ್ಮ, ನೀವು ಮಲಗೋದು ಯಾವ ಕಡೆ?" ಹೆಂಡತಿ ಕೇಳಿದಳು.

"ಕಿಟಕಿ ಕಡೆ," ಎಂದರು ಅಜ್ಜಿ. "ಫೋನಿನ ಕಡೆ ಅವರದು."

"ಈ ಹೆಂಗಸು ದಿನಾ ಬೆಳಗ್ಗೆ ಹಾಸಿಗೆ ನೋಡ್ತಾಳೆ. ಯಾವ ಕಡೆ ಮಲಗಿದ ಗುರುತಿದೆಯೋ, ಸಂಜೆ ಆ ಕಡೆ ಚಪ್ಪಲಿ ಇಡ್ತಾಳೆ. ಯಾರೂ ಕಲಿಸಿದ್ದಲ್ಲ, ಅವಳ ಪದ್ಧತಿ. ಇವತ್ತು ಚಪ್ಪಲಿ ಇಟ್ಟೋರು ಚಿತ್ರ ನೋಡಿ ಇಟ್ಟಿದಾರೆ. ತಪ್ಪು ಇವಳ ಮೇಲೆ ಬೀಳಲಿ ಅಂತಲೇ ಹಾಸಿಗೆ ಸರಿಮಾಡಿದಾರೆ. ಕೀಲಿಕೈ ಎರಡೇ. ಚಿತ್ರ ಅಂಟಿಸಿ, ತಾವು ಯಾವತ್ತೂ ಹಾಸಿಗೆ ಮುಟ್ಟದೇ ಇರೋರು ಒಬ್ಬರೇ."

ಹೆಂಡತಿ ಚಹಾದ ಮೇಜಿನಿಂದ ಪುದೀನಾ ಡಬ್ಬಿ ಎತ್ತಿ ಅಲ್ಲಾಡಿಸಿದಳು. ಬೆಣ್ಣೆರಾಯ ಖಾಲಿ ಅಂದಿದ್ದ ಡಬ್ಬಿ ಗಲಗಲ ಎಂದಿತು. ಮುಚ್ಚಳ ತೆಗೆದು ಬೋರಲು ಹಾಕಿದಳು. ಒಣ ಸೊಪ್ಪಿನ ಜೊತೆ ಮುತ್ತಿನ ಸರ ಮೇಜಿನ ಮೇಲೆ ಜಾರಿತು.

ಬೆಣ್ಣೆರಾಯ ಕುರ್ಚಿಯಲ್ಲಿ ಕುಸಿದು, "ಪೊಲೀಸರಿಗೆ ಹೇಳ್ಬೇಡಿ," ಎಂದ.

"ಪೊಲೀಸರು ಆಗಲೇ ಇಲ್ಲಿದಾರೆ," ಎಂದೆ ನಾನು. ಆ ಮಾತು ಹೇಳುವ ಅವಕಾಶ ಬಿಡುವುದುಂಟೇ?

ಅಜ್ಜಿ ಸರ ಮುಟ್ಟಲಿಲ್ಲ. ಕೆಲಸದಾಕೆಯ ಹತ್ತಿರ ಹೋದರು. "ತಪ್ಪಾಯ್ತಮ್ಮ."

ಆಕೆ ತಲೆ ಎತ್ತಿದಳು. "ಫೋನಿನ ಕಡೆ ದಿಂಬಿಗೆ ನೀವು ಅವರ ಶಾಲು ಹೊದಿಸಿರ್ತೀರಿ. ನಾಲ್ಕು ದಿನದಿಂದ ಅದನ್ನ ಕದಲಿಸದೇನೇ ಹಾಸಿಗೆ ಹಾಸಿದೀನಿ. ಇವತ್ತು ಯಾರೋ ತೆಗೆದು ಕುರ್ಚಿ ಮೇಲೆ ಎಸೆದಿದ್ರು, ಬಾಗಿಲಿಂದಲೇ ಕಾಣ್ತಿತ್ತು. ಅದನ್ನ ನೋಡಿದಾಗಲಾದ್ರೂ ನಾನಲ್ಲ ಅಂತ ನಿಮಗೆ ಅನ್ನಿಸಬೇಕಿತ್ತು ಅಮ್ಮ."

ಆಕೆ ಕೆಳಗಿನಿಂದ ಓಡಿಬಂದಿದ್ದ ಮ್ಯಾನೇಜರನ ಕಡೆ ತಿರುಗಿದಳು. "ಸಾರ್, ನಾಳೆಯಿಂದ ನನ್ನನ್ನ ಎರಡನೇ ಮಹಡಿಗೆ ಹಾಕಿ. ಇಲ್ಲಿ ನನ್ನ ಕೈಲಿ ಆಗಲ್ಲ."

ಮ್ಯಾನೇಜರ್ ತಡವರಿಸಿದ. ಕೊನೆಗೆ ಒಪ್ಪಿದ. ಅಜ್ಜಿ ಹೆದರುತ್ತಲೇ ಅವಳನ್ನು ಕೇಳಿದರು.

"ಎರಡನೇ ಮಹಡಿಲಿ ನನಗೊಂದು ಕೋಣೆ ಸಿಗುತ್ತಾ? ನೀನು ಬೇಡ ಅನ್ನದೇ ಇದ್ರೆ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬನ್ನಿ ಅಮ್ಮ," ಎಂದಳು.