ಕರಡಿನಲ್ಲೇ ಉಳಿದ ಸಾಲು

ಜನವರಿ 21, ಮಂಗಳವಾರ. ಬೆಳಿಗ್ಗೆ 11.20ಕ್ಕೆ ಹೆಗ್ಗದ್ದೆಯ ಸೌಜನ್ಯ ಠಾಣೆಗೆ ಬಂದಳು. ಅವಳ ತಾಯಿ, ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದ ದೇವೀರಮ್ಮ, 8.50ಕ್ಕೆ ಏಳನೇ ಬ್ಲಾಕಿನಲ್ಲಿ ಆನೆ ತುಳಿದು ಸತ್ತಿದ್ದಳು.

"ಆನೆ ಮೇಲೆ ದೂರು ಬರ್ಕೊಳ್ಳೋಕಾಗಲ್ಲಮ್ಮ," ಎಂದ ಹೆಡ್ ಕಾನ್‌ಸ್ಟೆಬಲ್.

"ಆನೆ ಮೇಲಲ್ಲ ಕಣ್ರೀ, ಮೆಸೇಜ್ ಹಾಕ್ದೋರ ಮೇಲೆ." ಅವಳು ಮೊಬೈಲ್ ಮುಂದೆ ಹಿಡಿದಳು. "ಅವ್ವಂಗೆ ಓದಾಕೆ ಬರಲ್ಲ. ದಿನಾ ನಾನೇ ಓದಿ ಹೇಳ್ತಿದ್ದೆ. ಇವತ್ತೂ ಹೇಳ್ದೆ, ಹೆಗ್ಗದ್ದೆ ಹೆಸರಿಲ್ಲ, ಹೋಗವ್ವ ಅಂತ. ನನ್ನ ಬಾಯಾರೆ ಕಳಿಸ್ಬುಟ್ಟೆ."

ಆನೇಮಹಲ್‌ನಲ್ಲಿ ಬೆಳೆಗಾರರು ನಡೆಸುವ ಆನೆ ಸುದ್ದಿ ಕೇಂದ್ರವಿದೆ. ಬೆಳಿಗ್ಗೆ 6.30ಕ್ಕೆ ನಾಲ್ಕು ಸಾವಿರ ಮೊಬೈಲ್‌ಗಳಿಗೆ ಅಲ್ಲಿಂದ ಸಂದೇಶ ಹೋಗುತ್ತದೆ. ಅದರಲ್ಲಿ ಊರಿನ ಹೆಸರಿದ್ದರೆ ಅಂದು ಆ ಊರಲ್ಲಿ ಕೊಯ್ಲಿಲ್ಲ. ನಿರ್ಲಕ್ಷ್ಯದಿಂದಾದ ಸಾವು ಎಂದು FIR ದಾಖಲಾಯಿತು. ಸಂದೇಶ ಟೈಪ್ ಮಾಡುವ ಜೋವಿಟಾ ಆರೋಪಿ.

12.40ಕ್ಕೆ ಇನ್‌ಸ್ಪೆಕ್ಟರ್ ಸೋಮಯ್ಯ, ಕಾನ್‌ಸ್ಟೆಬಲ್ ಸ್ನೇಹಾ ಕೇಂದ್ರ ತಲುಪಿದರು. ಕಾರ್ಯದರ್ಶಿ ರವಿಚಂದ್ರ ಬಾಗಿಲಲ್ಲೇ ಎದುರಾದರು. ಸತ್ತವಳ ಹೆಸರನ್ನೂ ಕೇಳಲಿಲ್ಲ ಪುಣ್ಯಾತ್ಮ.

"ಮೂರು ವರ್ಷದಲ್ಲಿ ಒಂದೂ ತಪ್ಪು ಮೆಸೇಜ್ ಹೋಗಿರ್ಲಿಲ್ಲ ಸಾರ್. ಈ ಹುಡುಗಿ ನನ್ ಹೆಸರು ಕೆಡಿಸ್ಬುಟ್ಲು."

ಸೋಮಯ್ಯ ಜೋವಿಟಾಳನ್ನು ಕೂರಿಸಿ ಕೇಳಿದರು.

"ಹೆಗ್ಗದ್ದೆ ಸುದ್ದಿ ಬಂದದ್ದು?"

"6.14ಕ್ಕೆ. ಆನೆ ಕಾವಲಿನ ಧರ್ಮ ಫೋನ್ ಮಾಡಿದ."

"ಟೈಪ್ ಮಾಡಿದ್ರಾ?"

"ಮಾಡಿದೆ ಸಾರ್. ಸೇವ್ ಕೂಡ ಮಾಡಿದೆ, ದೇವರಾಣೆ."

"ಮತ್ತೆ ಆ ಸಾಲು ಹೋಗಲಿಲ್ಲವಲ್ಲ?"

ಅವಳು ಅತ್ತಳು. ಅಳುವವರನ್ನೇ ತಪ್ಪಿತಸ್ಥರೆಂದು ಬರೆದುಕೊಂಡರೆ ತನಿಖೆ ಸಂಜೆಯೊಳಗೆ ಮುಗಿಯುತ್ತದೆ. ಹಾಗೆ ಮುಗಿದವು ಎಷ್ಟೋ ಇವೆ.

ಸ್ನೇಹಾ ಜೋವಿಟಾಳ ಕಂಪ್ಯೂಟರ್ ನೋಡಿದಳು. ಬೆಳಿಗ್ಗೆ ಬರೆದ ಪುಟ ಪರದೆಯ ಮೇಲೆ ತೆರೆದೇ ಇತ್ತು. ಮೇಲೆ 'ಕರಡು' ಎಂಬ ಹೆಸರು, ಕೊನೆಯಲ್ಲಿ ಹೆಗ್ಗದ್ದೆಯ ಸಾಲು. ಆದರೆ ಫೋಲ್ಡರಿನಲ್ಲಿ ಕರಡು ಎಂಬ ಫೈಲೇ ಇರಲಿಲ್ಲ. ಇದ್ದದ್ದು 'ಅಂತಿಮ' ಒಂದೇ, ಅದರಲ್ಲಿ ಹೆಗ್ಗದ್ದೆ ಇಲ್ಲ.

"ಸಾವಿನ ಸುದ್ದಿ ಕೇಳಿದ್ಮೇಲೆ ಟೈಪ್ ಮಾಡ್ಕೊಂಡವ್ಳೆ," ಎಂದರು ರವಿಚಂದ್ರ.

"ಕರಡು ಅಂತಿಮ ಆಗೋದು ಹೇಗೆ?" ಸೋಮಯ್ಯ ಜೋವಿಟಾಳನ್ನೇ ಕೇಳಿದರು.

"ನಾನು ಬರೆದು, ಮುಚ್ಚಿ, ಆಯ್ತು ಸಾರ್ ಅಂತ ಕೂಗ್ತೇನೆ. ಫೋಲ್ಡರ್ ಇರೋದು ರವಿಚಂದ್ರ ಸಾರ್ ಕಂಪ್ಯೂಟರಿನಲ್ಲಿ, ಇಬ್ಬರಿಗೂ ತೆರೀತದೆ. ಅವರು ಅಲ್ಲಿಂದ ಅದರ ಹೆಸರನ್ನು ಅಂತಿಮ ಅಂತ ಬದಲಾಯಿಸ್ತಾರೆ. 6.30ಕ್ಕೆ ಅಂತಿಮ ತಾನಾಗಿ ಹೋಗ್ತದೆ."

"ಇವತ್ತು ಕೂಗಿದ್ರಾ?"

"ಮುಚ್ಚೋ ಮೊದಲೇ ಕೂಗಿದೆ, 6.17ಕ್ಕೆ. 'ಆಗ್ಲೇ ಮಾಡಿವ್ನಿ' ಅಂದ್ರು."

ಸೋಮಯ್ಯ ಕೋಣೆಗೆ ಕಾವಲು ಹಾಕಿಸಿ ಸ್ನೇಹಾಳೊಂದಿಗೆ ಠಾಣೆಗೆ ಮರಳಿದರು. ಅಲ್ಲಿ ಪರೀಕ್ಷೆಗೆಂದು ಅವಳು ಒಂದು ಫೈಲ್ ತೆರೆದಿಟ್ಟಳು. ಸೋಮಯ್ಯ ಪಕ್ಕದ ಕಂಪ್ಯೂಟರಿನಿಂದ ಅದರ ಹೆಸರು ಬದಲಿಸಿದರು. ಅವಳು ಇನ್ನೊಂದು ಸಾಲು ಸೇರಿಸಿ ಸೇವ್ ಮಾಡಿದಳು. ಫೋಲ್ಡರಿನಲ್ಲಿ ಈಗ ಎರಡು ಫೈಲ್. ಹೊಸ ಹೆಸರಿನದರಲ್ಲಿ ಆ ಸಾಲಿಲ್ಲ, ಹಳೇ ಹೆಸರಿನದರಲ್ಲಿದೆ.

"ತೆರೆದಿರೋ ಪುಟಕ್ಕೆ ಹೆಸರು ಬದಲಾಗಿದ್ದು ಗೊತ್ತೇ ಆಗಲ್ಲ ಸಾರ್. ಹಳೇ ಹೆಸರಲ್ಲೇ ಇನ್ನೊಂದು ಹುಟ್ಟಿಸಿಬಿಡುತ್ತೆ."

"ಅಯ್ಯೋ! ಹಾಗಾದ್ರೆ ಬೆಳಿಗ್ಗೆ ಹುಟ್ಟಿದ್ದು ಎಲ್ಲಿ ಹೋಯ್ತು?"

ಮಧ್ಯಾಹ್ನ 3.05ಕ್ಕೆ ಕೇಂದ್ರದಲ್ಲಿ ಇಬ್ಬರು ಪಂಚರ ಸಮ್ಮುಖದಲ್ಲಿ ರವಿಚಂದ್ರರ ಕಂಪ್ಯೂಟರಿನ ಕಸದಬುಟ್ಟಿ ತೆರೆಯಲಾಯಿತು. ಕರಡು ಅಲ್ಲಿ ಬಿದ್ದಿತ್ತು. ಸೇವ್ ಆದದ್ದು 6.16, ಅಳಿಸಿದ್ದು 6.41. ಪಂಚನಾಮೆ ಬರೆದು ಎರಡೂ ಕಂಪ್ಯೂಟರ್‌ಗಳಿಗೆ ಸೀಲ್ ಹಾಕಿದರು.

"ಹೆಸರು ಯಾವಾಗ ಬದಲಿಸಿದ್ರಿ?" ಸೋಮಯ್ಯ ರವಿಚಂದ್ರರನ್ನು ಕೇಳಿದರು.

"6.10ಕ್ಕೆ. ಮುಗಿದೈತೆ ಅಂದ್ಕೊಂಡೆ."

"ಅದು ಕೈತಪ್ಪು, ಯಾರಿಗಾದ್ರೂ ಆಗುತ್ತೆ. 6.41ಕ್ಕೆ ಕರಡು ತೆರೆದು ನೋಡಿದ್ರಾ?"

"ನೋಡ್ದೆ."

"ಹೆಗ್ಗದ್ದೆ ಇತ್ತಾ?"

"ಇತ್ತು."

"ಕೊಯ್ಲು ಎಂಟಕ್ಕೆ. ಇನ್ನೊಂದು ಮೆಸೇಜ್ ಹಾಕೋಕೆ ಏನು ಧಾಡಿ?"

"ದಿನಾ ಆನೆ ಅಂತೀವಿ, ದಿನಾ ಏನೂ ಆಗಲ್ಲ ಸಾರ್. ಇವತ್ತೂ ಆಗಲ್ಲ ಅಂದ್ಕೊಂಡೆ."

ಸಂಜೆ 5.30ಕ್ಕೆ ರವಿಚಂದ್ರರ ಬಂಧನ. ಕೊಲೆಯಲ್ಲದ ನರಹತ್ಯೆಯ ಕಲಂ ಸೇರಿತು, ಜೋವಿಟಾಳನ್ನು ಕೈಬಿಡಲು ವರದಿ ಹೋಯಿತು. ಅವರ ಮೇಜಿನ ಡ್ರಾಯರಿನಲ್ಲಿ ಅಚ್ಚಾದ ಆಮಂತ್ರಣ ಪತ್ರಿಕೆಗಳ ಕಟ್ಟು ಸಿಕ್ಕಿತು. ಜನವರಿ 26ರಂದು ರವಿಚಂದ್ರರಿಗೆ ಸನ್ಮಾನ, 'ಮೂರು ವರ್ಷ, ಒಂದೂ ತಪ್ಪು ಸಂದೇಶವಿಲ್ಲ'. ತಿದ್ದುಪಡಿ ಕಳಿಸಿದ್ದರೆ ನಾಲ್ಕು ಸಾವಿರ ಜನಕ್ಕೆ ತಪ್ಪು ಗೊತ್ತಾಗುತ್ತಿತ್ತು. ಥೂ! ಒಂದು ಶಾಲು, ಒಂದು ಹಾರ, ಅಷ್ಟಕ್ಕೆ.

ಮರುದಿನ ಹೇಳಿಕೆಗೆ ಸಹಿ ಹಾಕಲು ಬಂದ ಸೌಜನ್ಯ, ಆ ಸಾಲು ತೋರಿಸಿ ಎಂದಳು. ಸ್ನೇಹಾ ಪ್ರತಿ ಮುಂದಿಟ್ಟಳು. ಸೌಜನ್ಯ ದಿನಾ ಅವ್ವನಿಗೆ ಓದುತ್ತಿದ್ದಂತೆ, ಅಕ್ಷರದ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ ಓದಿದಳು.

"ಹೆಗ್ಗದ್ದೆ ಏಳನೇ ಬ್ಲಾಕ್. ಮೂರು ಆನೆ. ಯಾರೂ ತೋಟಕ್ಕೆ ಇಳಿಯಬೇಡಿ."

ಓದಿ ಮುಗಿಸಿ ಕಾಗದ ನೋಡುತ್ತಲೇ ಇದ್ದಳು.

"ಇಷ್ಟೇನಾ ಮೇಡಂ? ಒಂದೇ ಉಸ್ರಲ್ಲಿ ಓದಿ ಹೇಳ್ಬುಡ್ತಿದ್ದೆ."

ಸ್ನೇಹಾ ಪೆನ್ನು ಕೊಟ್ಟಳು. ತೋರಿಸಿದ ಕಡೆ ಸೌಜನ್ಯ ಸಹಿ ಹಾಕಿದಳು.